ಯಾವ ರಾಗದಲ್ಲಿ ಸ್ತುತಿಸೋಣ?

ಭಾನುವಾರದ ಬೆಳಗು. ಮಂಗಳೂರಿನ ಬಲ್ಮಠದ ಗುಡ್ಡದ ಮೇಲೆ ದೇವಾಲಯದ ಗಂಟೆ ಮೊಳಗುತ್ತದೆ. ಬಿಳಿಯ ಸೀರೆಯುಟ್ಟ ವೃದ್ಧೆಯರು, ಇಸ್ತ್ರಿಯ ಮಡಿಕೆ ಮಾಸದ ಅಂಗಿ ತೊಟ್ಟ ಗಂಡಸರು, ತಾಯಂದಿರ ಕೈಹಿಡಿದ ಮಕ್ಕಳು ನಿಧಾನವಾಗಿ ಒಳಗೆ ಸೇರುತ್ತಾರೆ. ಅಜ್ಜಿಯ ಕಂಕುಳಲ್ಲಿ ಹಳೆಯ ಗೀತಪುಸ್ತಕ; ಅದರ ರಟ್ಟು ಸವೆದಿದೆ, ಅಂಚು ಬೆರಳಿನ ಎಣ್ಣೆಯಿಂದ ಕಂದಿದೆ. ಮೊಮ್ಮಗನ ಕೈಯಲ್ಲಿ ಪುಸ್ತಕವಿಲ್ಲ. ಅವನ ಹೆಗಲಿನಲ್ಲಿ ಗಿಟಾರು ತೂಗುತ್ತಿದೆ. ಇಬ್ಬರೂ ಬಂದಿರುವುದು ಒಬ್ಬನೇ ದೇವರನ್ನು ಸ್ತುತಿಸಲಿಕ್ಕೆ. ಆದರೆ ಯಾವ ರಾಗದಲ್ಲಿ?

ಪ್ರಶ್ನೆ ಚಿಕ್ಕದೆಂದು ತೋರಬಹುದು. ಹಾಡುವ ಧಾಟಿ ಬದಲಾದರೆ ಭಕ್ತಿ ಬದಲಾಗುವುದೆ ಎಂದು ಹೊರಗಿನವರು ನಗಲೂಬಹುದು. ಆದರೆ ಪ್ರಾರ್ಥನೆಯ ಮಾತನ್ನು ಮನುಷ್ಯ ಮರೆತಾನು, ಅದರ ರಾಗವನ್ನು ಮರೆಯಲಾರ. ತಾಯಿಯ ಮಡಿಲಲ್ಲಿ ಕೇಳಿದ ಹಾಡು ಮರಣಶಯ್ಯೆಯವರೆಗೂ ಹಿಂಬಾಲಿಸುತ್ತದೆ. ಆದುದರಿಂದಲೇ ಆರಾಧನೆಯ ಸಂಗೀತದ ಮೇಲೆ ಕೈಯಿಟ್ಟಾಗಲೆಲ್ಲ ಶಾಂತಸ್ವಭಾವದ ಸಭೆಗಳೂ ಕಲಕಿಹೋಗಿವೆ. ಮಂಗಳೂರಿನ ಕ್ರೈಸ್ತ ಸಭೆಗಳ ಸುಮಾರು ಎರಡು ಶತಮಾನಗಳ ಕಥೆಯಲ್ಲಿ ಈ ಕಲಕು ಮತ್ತೆ ಮತ್ತೆ ಕಾಣುತ್ತದೆ.

ಕಡಲು ದಾಟಿ ಬಂದ ರಾಗ

1834ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಸ್ಯಾಮುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಶನ್ನಿನ ಪಾದ್ರಿಗಳು ಮಂಗಳೂರಿಗೆ ಬಂದರು. ಸ್ವಿಟ್ಸರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಗೆ ಹೆಚ್ಚಿನ ಜನಬಲ ಒದಗಿದ್ದು ನೆರೆಯ ಜರ್ಮನಿಯ ವುರ್ಟೆಂಬೆರ್ಗ್ ಸೀಮೆಯಿಂದ. ಅಲ್ಲಿಯ ಹಳ್ಳಿಗಳಲ್ಲಿ ಹಾಡದ ಮನೆಯಿರಲಿಲ್ಲ. ಮಾರ್ಟಿನ್ ಲೂಥರ್ 1524ರಷ್ಟು ಹಿಂದೆಯೇ ಲ್ಯಾಟಿನ್ ಬಲ್ಲ ಪುರೋಹಿತರ ಬಾಯಿಂದ ಹಾಡನ್ನು ಬಿಡಿಸಿ, ಜನಸಾಮಾನ್ಯರು ತಮ್ಮ ನುಡಿಯಲ್ಲಿ ಹಾಡಬಲ್ಲ ಗೀತೆಗಳನ್ನು ಅಚ್ಚಿಗೆ ತಂದಿದ್ದನು. ಇಡೀ ಸಭೆ ಎದ್ದುನಿಂತು, ಒಂದೊಂದು ಅಕ್ಷರಕ್ಕೆ ಒಂದೊಂದು ಸ್ವರದಂತೆ, ಗಂಭೀರವಾಗಿ ಹೆಜ್ಜೆಯಿಟ್ಟು ನಡೆಯುವ ಈ ಹಾಡುಗಾರಿಕೆಯೇ ಪಾದ್ರಿಗಳು ತಂದ ಪೆಟ್ಟಿಗೆಗಳಲ್ಲಿ ಎಲ್ಲಕ್ಕಿಂತ ಹಗುರಾದ, ಎಲ್ಲಕ್ಕಿಂತ ಗಟ್ಟಿಯಾದ ಸಾಮಾನಾಗಿತ್ತು.

ಅವರು ಇಲ್ಲಿ ಕಂಡ ಸಭೆ ಬೇರೆ ಬಗೆಯದು. ಹೊಸ ಮತವನ್ನು ಸ್ವೀಕರಿಸಿದವರಲ್ಲಿ ಅನೇಕರು ತುಳು ಮಾತಾಡುವ ಬಿಲ್ಲವರು. ಮತಾಂತರದೊಡನೆ ಮನೆ, ನಂಟು, ಕಸುಬು ಮೂರೂ ಕೈಬಿಟ್ಟವರಿಗೆ ಅನ್ನದ ದಾರಿ ತೋರಿಸಲೆಂದೇ ನೇಯ್ಗೆಯ ಶಾಲೆಯೂ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯೂ ಆರಂಭವಾದವು. ಹಗಲಿಡೀ ಮಗ್ಗದ ಮುಂದೆಯೂ ಕೆಮ್ಮಣ್ಣಿನ ನಡುವೆಯೂ ದುಡಿದವರು ಸಂಜೆಯ ಪ್ರಾರ್ಥನೆಗೆ ಕೂಡಿದಾಗ ಬಾಯಿಗೆ ಬಂದದ್ದು ಜರ್ಮನ್ ರಾಗ, ಕನ್ನಡ ಮಾತು. ಈ ವಿಚಿತ್ರ ಮದುವೆ ಮೊದಮೊದಲು ಎಷ್ಟು ಎಡವಿತೆಂಬುದನ್ನು ಇಂದು ಊಹಿಸಬೇಕಾದರೆ ಛಂದಸ್ಸಿನ ಕಡೆಗೆ ಒಮ್ಮೆ ಹೊರಳಬೇಕು.

ಲಘು ಗುರುಗಳ ಸಂಕಟ

ಜರ್ಮನ್ ಪದ್ಯ ನಡೆಯುವುದು ಒತ್ತಿನ ಮೇಲೆ. ಒಂದು ಅಕ್ಷರವನ್ನು ಒತ್ತಿ, ಮುಂದಿನದನ್ನು ತೇಲಿಸಿ ಹೇಳುವುದು ಅದರ ಕ್ರಮ. ಕನ್ನಡ ಪದ್ಯ ನಡೆಯುವುದು ಕಾಲದ ಅಳತೆಯ ಮೇಲೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಅಲ್ಲಿಯ ಎಷ್ಟೋ ರಾಗಗಳು ಮೆಲ್ಲನೆಯ ಸ್ವರದಿಂದ ತೊಡಗಿ ಎರಡನೆಯ ಸ್ವರದ ಮೇಲೆ ಭಾರ ಹಾಕುತ್ತವೆ. ಕನ್ನಡ ಶಬ್ದವಾದರೋ ಮೊದಲ ಅಕ್ಷರದಲ್ಲೇ ತನ್ನ ಗುರುತು ಹೇಳುವಂಥದು. ಹೀಗಾಗಿ ರಾಗ ಒಂದು ಕಡೆಗೆ, ಮಾತು ಒಂದು ಕಡೆಗೆ ಎಳೆದಾಡುವ ಪ್ರಸಂಗ ಒದಗುತ್ತದೆ.

ಇದಕ್ಕಿಂತಲೂ ದೊಡ್ಡ ಅಪಾಯ ಇನ್ನೊಂದುಂಟು. ಕನ್ನಡದಲ್ಲಿ ಸ್ವರದ ಉದ್ದ ಬದಲಾದರೆ ಅರ್ಥವೇ ಬದಲಾಗುತ್ತದೆ. ಮರ ಬೇರೆ, ಮಾರ ಬೇರೆ. ಬಲ ಬೇರೆ, ಬಾಲ ಬೇರೆ. ‘ದೇವರ ಬಲ’ ಎಂಬ ಮಾತು ಬಂದಲ್ಲಿ ಪರದೇಶದ ರಾಗ ಮೊದಲಕ್ಷರದ ಮೇಲೆ ಎರಡು ಮಾತ್ರೆ ನಿಂತುಬಿಟ್ಟರೆ, ಭಕ್ತನು ಸ್ತುತಿಸಿದ್ದು ಏನನ್ನು ಎಂಬುದು ಕೇಳಿದವನಿಗೆ ಒಗಟಾಗದಿರದು. ದಾಸರ ಪದಗಳಲ್ಲಿ ಹ್ರಸ್ವವನ್ನು ಎಳೆಯುವುದಿಲ್ಲವೆ ಎಂದು ಕೇಳಬಹುದು. ಎಳೆಯುವುದುಂಟು. ಆದರೆ ಅಲ್ಲಿ ಕವಿಯೂ ಗಾಯಕನೂ ಒಂದೇ ನುಡಿಯಲ್ಲಿ ಹುಟ್ಟಿದವರು. ಎಲ್ಲಿ ಎಳೆದರೆ ಮಾತು ಉಳಿಯುತ್ತದೆ, ಎಲ್ಲಿ ಎಳೆದರೆ ಮುರಿಯುತ್ತದೆ ಎಂಬುದು ಅವರ ಕಿವಿಗೆ ಗೊತ್ತು.

ಹೀಗಿದ್ದರೂ ಆ ಗೀತೆಗಳು ಬಾಳಿದವು. ಅಷ್ಟೇ ಅಲ್ಲ, ಕನ್ನಡ ಪದ್ಯಕ್ಕೆ ಅವು ಸಲ್ಲಿಸಿದ ಸೇವೆಯೂ ಸಣ್ಣದಲ್ಲ. ನಮ್ಮ ಹಳೆಯ ಕವಿಗಳಿಗೆ ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಪ್ರಾಸವಿಲ್ಲದೆ ಪದ್ಯವೇ ಇಲ್ಲ. ಪಾದ್ರಿಗಳ ಗೀತೆಗಳು ಸಾಲಿನ ಕೊನೆಯ ಪ್ರಾಸವನ್ನೂ ಪುಟ್ಟ ಪುಟ್ಟ ಪದ್ಯಬಂಧಗಳನ್ನೂ ಜನರ ಕಿವಿಗೆ ರೂಢಿಸಿದವು. ಮುಂದೆ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ತೊರೆದು ಬರೆದಾಗಲೂ, 1920ರ ದಶಕದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಕೊಟ್ಟಾಗಲೂ ಕನ್ನಡದ ಕಿವಿ ಅದಕ್ಕೆ ಪೂರ್ತಿ ಹೊಸದಾಗಿರಲಿಲ್ಲ. ಕ್ರಿಸ್ತನ ಕೊನೆಯ ದಿನವನ್ನು ಕುರಿತು ‘ಗೊಲ್ಗೊಥಾ’ ಎಂಬ ಕಾವ್ಯವನ್ನು ಬರೆದವರೂ ಅದೇ ಗೋವಿಂದ ಪೈಗಳು ಎಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಅಚ್ಚುಕೂಟಕ್ಕೆ ಬಂದದ್ದು, ದೇವಾಲಯಕ್ಕೆ ಬಾರದ್ದು

ಆ ಕಾಲದ ಒಂದು ಸಂಗತಿ ಇಂದಿಗೂ ಯೋಚನೆಗೆ ಹಚ್ಚುವಂಥದು. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗ್, 1848ರಿಂದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಕನ್ನಡದ ಹಳೆಯ ಕೃತಿಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸತೊಡಗಿದರು. ಬಸವಪುರಾಣ, ಜೈಮಿನಿ ಭಾರತಗಳೊಡನೆ ದಾಸರ ಪದಗಳೂ ಆ ಮಾಲೆಯಲ್ಲಿ ಬೆಳಕು ಕಂಡವು. ಬಾಯಿಂದ ಬಾಯಿಗೆ ಹರಿಯುತ್ತಿದ್ದ ಪುರಂದರ ಕನಕರ ಹಾಡುಗಳಿಗೆ ಮುದ್ರಣದ ಆಯುಷ್ಯ ಒದಗಿಸಿದವರಲ್ಲಿ ಮಂಗಳೂರಿನ ಈ ಪಾದ್ರಿಗಳು ಮೊದಲಿಗರು. 1886ರಲ್ಲಿ ಅದೇ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಮ್ಯಾನರ್ ಅವರು ತುಳುವಿನ ಪಾಡ್ದನಗಳನ್ನೂ ಪುಸ್ತಕವಾಗಿಸಿದರು. ಭೂತದ ಕೋಲದಲ್ಲಿ, ನೇಜಿ ನೆಡುವ ಗದ್ದೆಯಲ್ಲಿ ಕೇಳುವ ಆ ಹಾಡುಗಬ್ಬಗಳು ಮೊದಲ ಸಲ ಅಕ್ಷರರೂಪದಲ್ಲಿ ಕೈಗೆ ಸಿಕ್ಕವು.

ದಾಸರ ಪದವೂ ಪಾಡ್ದನವೂ ಹೀಗೆ ಅಚ್ಚುಕೂಟದ ಬಾಗಿಲನ್ನು ದಾಟಿದವು. ಆದರೆ ಅದೇ ಗುಡ್ಡದ ದೇವಾಲಯದ ಬಾಗಿಲು ಅವುಗಳ ಧಾಟಿಗೆ ಬೇಗನೆ ತೆರೆಯಲಿಲ್ಲ. ವಿದ್ವಾಂಸನ ಮೇಜಿನ ಮೇಲೆ ಮಾನ್ಯವಾದದ್ದು ಭಕ್ತನ ಬಾಯಲ್ಲಿ ಸಂಶಯಕ್ಕೆ ಎಡೆಯಾಯಿತು.

ಇದನ್ನು ಕೇವಲ ಪರದೇಶೀಯರ ಹಟವೆಂದು ತಳ್ಳಿಹಾಕುವುದು ಸರಿಯಲ್ಲ. ರಾಗಕ್ಕೆ ನೆನಪು ಅಂಟಿಕೊಂಡಿರುತ್ತದೆ. ತೆಂಬರೆಯ ಸದ್ದು ಕೇಳಿದೊಡನೆ ಕೋಲದ ಅಂಗಳವೂ, ದೀವಟಿಗೆಯೂ, ಅಣಿ ಕಟ್ಟಿದ ಭೂತವೂ ಕಣ್ಣಮುಂದೆ ನಿಲ್ಲುವ ಜನರಿಗೆ ಅದೇ ಧಾಟಿಯಲ್ಲಿ ಯೇಸುವನ್ನು ಹಾಡೆಂದರೆ ಮನಸ್ಸು ಎತ್ತ ಹೋದೀತು? ಬಿಟ್ಟುಬಂದ ಮನೆಯ ಜಗಲಿಗೆ ಮತ್ತೆ ಕರೆದಂತಾದೀತು. ಹಳೆಯದನ್ನು ಕಳಚಿದ ನೋವನ್ನು ಸಹಿಸಬೇಕಾದರೆ ಹಾಡು ಪೂರ್ತಿ ಹೊಸದಾಗಿರಲಿ ಎಂದು ಹೊಸ ಕ್ರೈಸ್ತರೇ ಬಯಸಿದ್ದರೆ ಆಶ್ಚರ್ಯವಿಲ್ಲ.

ಆದರೂ ಇನ್ನೊಂದು ದಾರಿಯನ್ನು ಕಂಡವರು ಅಂದೇ ಇದ್ದರು. 1853ರಲ್ಲಿ ಭಾರತಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲ್, 1894ರ ಮಹಾನಿಘಂಟಿನಿಂದ ಕನ್ನಡಿಗರ ಮನೆಮಾತಾದವರು. ನಿಘಂಟಿಗೆ ಮೂರು ದಶಕಗಳ ಮೊದಲೇ, 1862ರಲ್ಲಿ, ಅವರು ‘ಕಥಾಮಾಲೆ’ ಎಂಬ ಕೃತಿಯಲ್ಲಿ ಯೇಸುಚರಿತೆಯನ್ನು ಭಾರತೀಯ ಗೇಯ ಛಂದಸ್ಸಿನಲ್ಲಿ ಹಾಡಿದ್ದರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿ ಪ್ರಕಟಿಸಿದವರೂ ಅವರೇ. ಈ ನೆಲದ ಜನ ಈ ನೆಲದ ಲಯದಲ್ಲಿ ಹಾಡಬೇಕೆಂಬ ಅರಿವು ಆ ಜರ್ಮನ್ ಪಂಡಿತನಿಗೆ ಇತ್ತು. ಕಾಲ ಮಾತ್ರ ಇನ್ನೂ ಪಕ್ವವಾಗಿರಲಿಲ್ಲ.

ಜಗಳ ಮಂಗಳೂರಿನದು ಮಾತ್ರವಲ್ಲ

ಹಾಡಿನ ವಿಷಯದಲ್ಲಿ ಸಭೆ ಒಡೆಯುವುದು ಹೊಸತೇನಲ್ಲ. ಲಂಡನ್ನಿನ ಬ್ಯಾಪ್ಟಿಸ್ಟರ ಕಥೆಯನ್ನು ಕೇಳಿದರೆ ನಮ್ಮವರ ವಾದಗಳು ಎಷ್ಟೋ ಸೌಮ್ಯವೆನಿಸುತ್ತವೆ. ತಿಳಿವಳಿಕೆ ಬಂದ ಮೇಲೆಯೇ ನೀರಿನಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆಯಬೇಕೆನ್ನುವ ಈ ಪಂಥದವರಲ್ಲಿ ಹದಿನೇಳನೆಯ ಶತಮಾನದಲ್ಲಿ ಅನೇಕರು ಆರಾಧನೆಯಲ್ಲಿ ಹಾಡುವುದನ್ನೇ ಒಪ್ಪುತ್ತಿರಲಿಲ್ಲ. ಬರೆದಿಟ್ಟ ಪದ್ಯವನ್ನು ಎಲ್ಲರೂ ಒಟ್ಟಾಗಿ ಹಾಡುವುದು ಪವಿತ್ರಾತ್ಮನ ಪ್ರೇರಣೆಗೆ ಅಡ್ಡಿಯೆಂದು ಅವರ ಮತ. ಬೆಂಜಮಿನ್ ಕೀಚ್ ಎಂಬ ಬೋಧಕನು 1673ರ ಸುಮಾರಿಗೆ ಪ್ರಭುಭೋಜನದ ಕೊನೆಗೆ ಒಂದು ಗೀತೆಯನ್ನು ಸೇರಿಸಿದನು. ಪ್ರತಿ ಭಾನುವಾರ ಹಾಡುವ ತೀರ್ಮಾನಕ್ಕೆ ಸಭೆ ಬರಬೇಕಾದರೆ 1691 ಆಯಿತು. ಒಪ್ಪದವರು ಎದ್ದುಹೋಗಲು ಅನುಕೂಲವಾಗಲೆಂದು ಹಾಡನ್ನು ಪ್ರಸಂಗ ಮುಗಿದ ಮೇಲೆ ಇಟ್ಟುಕೊಂಡರು. ಆದರೂ ಕೆಲವರು ಸಭೆಯನ್ನೇ ತೊರೆದರು. ಇಂದು ಜಗತ್ತಿನಲ್ಲಿ ಅತ್ಯಂತ ಉತ್ಸಾಹದಿಂದ ಹಾಡುವ ಸಭೆಗಳಲ್ಲಿ ಬ್ಯಾಪ್ಟಿಸ್ಟರದೂ ಒಂದೆಂಬುದನ್ನು ಕಂಡರೆ ಕಾಲದ ಮಹಿಮೆಗೆ ಬೆರಗಾಗಬೇಕು.

ಆ ಪಂಥದವನೇ ಆದ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದನು. 1817ರಲ್ಲಿ ಕನ್ನಡ ವ್ಯಾಕರಣವೊಂದನ್ನು ಅಚ್ಚುಹಾಕಿಸಿದವನೂ ಅವನೇ. ಅವನಿಂದ 1800ರ ಡಿಸೆಂಬರಿನಲ್ಲಿ ದೀಕ್ಷಾಸ್ನಾನ ಪಡೆದ ಬಡಗಿ ಕೃಷ್ಣ ಪಾಲನು ಬಂಗಾಳಿಯಲ್ಲಿ ಗೀತೆ ಕಟ್ಟಿದನು. ಅದು ಇಂಗ್ಲಿಷಿಗೆ ತಿರುಗಿ ಕಡಲಾಚೆಗೆ ಹೋಯಿತು. ತಂಜಾವೂರಿನ ವೇದನಾಯಕ ಶಾಸ್ತ್ರಿಗಳು ತಮಿಳಿನಲ್ಲಿ ಕ್ರೈಸ್ತ ಕೀರ್ತನೆಗಳನ್ನು ಕರ್ನಾಟಕ ಸಂಗೀತದ ರಾಗ ತಾಳಗಳಿಗೆ ಹೊಂದಿಸಿದರು. ಮರಾಠಿಯಲ್ಲಿ ನಾರಾಯಣ ವಾಮನ ಟಿಳಕರು ತುಕಾರಾಮನ ಅಭಂಗದ ಜಾಡಿನಲ್ಲೇ ಕ್ರಿಸ್ತನ ಪಾದಗಳನ್ನು ಅರಸಿದರು. ಹೀಗೆ ಸುತ್ತಲ ನಾಡುಗಳಲ್ಲೆಲ್ಲ ದೇಶೀಯ ಧಾಟಿಯ ಬೀಜ ಬಿದ್ದಿತ್ತು. ಕರಾವಳಿಯ ಕನ್ನಡ ಸಭೆಗಳಿಗೆ ಅದರ ಗಾಳಿ ಸೋಂಕದಿರುವುದು ಹೇಗೆ?

ಪೆಟ್ಟಿಗೆಯೊಂದರ ಪ್ರವಾಸ

1914ರ ಮಹಾಯುದ್ಧ ಆ ಗಾಳಿಗೆ ಕಿಟಕಿ ತೆರೆಯಿತು. ಜರ್ಮನ್ ಪಾದ್ರಿಗಳು ಶತ್ರುದೇಶದವರೆನಿಸಿ ಬಂಧನಕ್ಕೊಳಗಾದರು, ನಾಡು ಬಿಟ್ಟರು. ಅವರ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಸಭೆಗಳ ಹೊಣೆ ಹೆಚ್ಚು ಹೆಚ್ಚಾಗಿ ಈ ನಾಡಿನವರ ಹೆಗಲಿಗೆ ಬಂತು. ಜೊತೆಗೆ ರಾಷ್ಟ್ರೀಯ ಚಳವಳಿಯ ಕಾಲ. ಭಜನೆಯ ಹಾಡು ಬೀದಿಬೀದಿಯಲ್ಲೂ ಕೇಳುತ್ತಿದ್ದ ಕಾಲ. ಪಲ್ಲವಿ, ಚರಣಗಳುಳ್ಳ ಕೀರ್ತನೆಗಳು ಕ್ರೈಸ್ತರ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ಸ್ಥಳ ಪಡೆದವು; ಬರುಬರುತ್ತ ದೇವಾಲಯದೊಳಕ್ಕೂ ಬಂದವು. 1847ರಷ್ಟು ಹಿಂದೆಯೇ ಹೊಸ ಒಡಂಬಡಿಕೆಯನ್ನು ತನ್ನ ನುಡಿಯಲ್ಲಿ ಪಡೆದಿದ್ದ ತುಳು ಸಭೆಗೆ ತುಳುವಿನ ಗೀತೆಗಳೂ ಆಪ್ತವಾಗಿದ್ದವು.

ಈ ಮಾರ್ಪಾಟಿನ ಕಥೆಯನ್ನು ಒಂದು ಹಾರ್ಮೋನಿಯಂ ಪೆಟ್ಟಿಗೆ ಚೆನ್ನಾಗಿ ಹೇಳಬಲ್ಲುದು. ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಪ್ಯಾರಿಸಿನಲ್ಲಿ. ಅದರೊಡನೆ ಬಂದ ಅಭ್ಯಾಸ ಕಾಲಿನಿಂದ ತಿದಿಯೊತ್ತಿ, ಕುರ್ಚಿಯ ಮೇಲೆ ಕುಳಿತು ನುಡಿಸುವುದು. ಕಲ್ಕತ್ತೆಯ ಕುಶಲಿಗಳು ಅದರ ಕಾಲು ತೆಗೆದು ನೆಲದ ಮೇಲೆ ಕೂರಿಸಿದರು. ಒಂದು ಕೈಯಿಂದ ಗಾಳಿ ಹಾಕಿ ಇನ್ನೊಂದರಿಂದ ನುಡಿಸುವಂತೆ ಮಾಡಿದರು. ಹೀಗೆ ಚಕ್ಕಳಮಕ್ಕಳ ಹಾಕಿ ಕುಳಿತದ್ದೇ ತಡ, ಅದು ಭಜನಾಮಂದಿರಕ್ಕೂ ನಾಟಕದ ರಂಗಕ್ಕೂ ಸ್ವಂತದ್ದಾಯಿತು. ಗಮಕಕ್ಕೆ ಒಗ್ಗದ ಪರದೇಶಿಯೆಂದು 1940ರಲ್ಲಿ ಆಕಾಶವಾಣಿಯೇ ಬಹಿಷ್ಕರಿಸಿದರೂ ಜನ ಅದನ್ನು ಕೈಬಿಡಲಿಲ್ಲ. ಕೊನೆಗೆ ತಬಲೆಯ ಜೊತೆಗೂಡಿ ಕ್ರೈಸ್ತ ದೇವಾಲಯವನ್ನು ಹೊಕ್ಕಾಗ ಅದು ದೇಶೀಯ ವಾದ್ಯವೆನಿಸಿತ್ತು! ಯಾವುದು ನಮ್ಮದು, ಯಾವುದು ಹೊರಗಿನದು ಎಂದು ಗೆರೆ ಎಳೆಯುವವರು ಈ ಪೆಟ್ಟಿಗೆಯನ್ನು ಎದುರಿಗಿಟ್ಟುಕೊಳ್ಳುವುದು ಒಳ್ಳೆಯದು.

1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಭಾರತ ಸಭೆ ಸ್ಥಾಪಿತವಾಯಿತು. ಮಂಗಳೂರಿನ ಬಾಸೆಲ್ ಮಿಶನ್ ಸಭೆಗಳು ಅದರಲ್ಲಿ ಸೇರಿಕೊಂಡದ್ದು ಮುಂದಿನ ಮಾತು. ಆ ಐಕ್ಯದ ಆರಾಧನಾಕ್ರಮದಲ್ಲಿ ಕೇರಳದ ಪ್ರಾಚೀನ ಸಿರಿಯನ್ ಕ್ರೈಸ್ತರಿಂದ ಪಡೆದ ಸುಂದರವಾದ ವಿಧಿಯೊಂದುಂಟು. ಒಬ್ಬರ ಜೋಡಿಸಿದ ಕೈಗಳನ್ನು ಇನ್ನೊಬ್ಬರು ತಮ್ಮ ಅಂಗೈಗಳ ನಡುವೆ ಹಿಡಿದು ಸಮಾಧಾನವನ್ನು ಹಂಚುತ್ತ ಹೋಗುವುದೇ ಆ ವಿಧಿ. ಮಾತಿಲ್ಲದ ಈ ಸ್ಪರ್ಶ ಸಾಲಿನಿಂದ ಸಾಲಿಗೆ ಸಾಗುವಾಗ ರಾಗದ ವಾದಗಳೆಲ್ಲ ಒಂದು ಗಳಿಗೆ ಸುಮ್ಮನಾಗುತ್ತವೆ. 1965ರಲ್ಲಿ ಬಲ್ಮಠದಲ್ಲಿ ರೂಪುಗೊಂಡ ಕರ್ನಾಟಕ ದೇವಜ್ಞಾನ ಕಾಲೇಜಿನಿಂದ ಹೊರಬಂದ ಸಭಾಪಾಲಕರು ಕನ್ನಡದ ನಾನಾ ಸೀಮೆಗಳ ಹಾಡಿನ ರೂಢಿಗಳಿಗೆ ಪರಿಚಿತರಾಗಿಯೇ ಸಭೆಗಳಿಗೆ ಹೋಗುವಂತಾಯಿತು.

ಹೊಸ್ತಿಲಿನಾಚೆಯ ಹಾಡು

ನಗರದ ಇನ್ನೊಂದು ಮಗ್ಗುಲಿನ ಕಥೆಯೂ ಇದಕ್ಕೆ ಸಮೀಪದ್ದೆ. ರೊಸಾರಿಯೊ, ಮಿಲಾಗ್ರಿಸ್ ಮೊದಲಾದ ಇಗರ್ಜಿಗಳ ರೋಮನ್ ಕೆಥೊಲಿಕರ ಮನೆಮಾತು ಕೊಂಕಣಿ. ಮದುವೆಯ ಮುನ್ನಾದಿನ ‘ರೋಸ್’ ಸಮಾರಂಭದಲ್ಲಿ ತೆಂಗಿನ ಹಾಲು ಹಚ್ಚುವಾಗ ಹೆಂಗಸರು ವೊವಿಯೊ ಹಾಡುತ್ತಾರೆ, ಗುಮಟೆಯ ನಾದ ಏಳುತ್ತದೆ. ಆದರೆ ಮರುದಿನ ಇಗರ್ಜಿಯಲ್ಲಿ ಪೂಜೆಯ ನುಡಿ ಶತಮಾನಗಳ ಕಾಲ ಲ್ಯಾಟಿನ್. ಮನೆಯ ಹಾಡು ಹೊಸ್ತಿಲಿನಾಚೆಗೇ ನಿಲ್ಲುತ್ತಿತ್ತು. 1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ದೇಶಭಾಷೆಗಳಿಗೆ ಪೂಜೆಯಲ್ಲಿ ಎಡೆಗೊಟ್ಟಿತು. ಆ ದಶಕ ಮುಗಿಯುವುದರೊಳಗೆ ಕೊಂಕಣಿ ಬಲಿಪೀಠದವರೆಗೆ ನಡೆದುಬಂತು. ಅರ್ಥವಾಗದಿದ್ದರೂ ಆ ಲ್ಯಾಟಿನ್ ಗಾನದ ಗಾಂಭೀರ್ಯ ಹೋಯಿತಲ್ಲಾ ಎಂದು ನಿಟ್ಟುಸಿರಿಟ್ಟ ಹಿರಿಯರೂ, ಕಡೆಗೂ ದೇವರೊಡನೆ ತಾಯಿನುಡಿಯಲ್ಲಿ ಮಾತಾಡಿದೆವೆಂದು ಕಣ್ಣೊರಸಿಕೊಂಡವರೂ ಒಂದೇ ಬೆಂಚಿನಲ್ಲಿ ಕುಳಿತಿದ್ದಿರಬೇಕು.

ಪರದೆಯ ಮೇಲಿನ ಅಕ್ಷರ

ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೂರನೆಯ ಅಲೆಯೊಂದು ಎದ್ದಿತು. ಗಿಟಾರು, ಡ್ರಮ್ಮು, ಕೀಬೋರ್ಡುಗಳೊಡನೆ ಬಂದ ಚಿಕ್ಕ ಚಿಕ್ಕ ಸ್ತುತಿಗೀತೆಗಳು, ಚಪ್ಪಾಳೆ, ಎತ್ತಿದ ಕೈಗಳು. ಪುಸ್ತಕದ ಬದಲು ಪರದೆಯ ಮೇಲೆ ಅಕ್ಷರಗಳು ಬೆಳಗಿದವು. ಪೆಂತೆಕೋಸ್ತ ಸಭೆಗಳಿಂದ ಹೊರಟ ಈ ರೀತಿ, ತರುಣರು ಕೈತಪ್ಪಿ ಹೋದಾರೆಂಬ ಚಿಂತೆಯಿಂದಲೋ ತರುಣರ ಒತ್ತಾಯದಿಂದಲೋ ಹಳೆಯ ಸಭೆಗಳನ್ನೂ ತಟ್ಟಿತು.

ಹೊಸ ಹಾಡಿಗೆ ತನ್ನದೇ ಗುಣವುಂಟು. ಅಕ್ಷರ ಬಾರದವನೂ ಎರಡು ಸಲ ಕೇಳಿ ಮೂರನೆಯ ಸಲ ಹಾಡಬಲ್ಲ. ಸಂಕೋಚದ ಕಟ್ಟು ಸಡಿಲುತ್ತದೆ. ಮುಖದ ಮೇಲೆ ಸಂತೋಷ ಕಾಣುತ್ತದೆ. ಆದರೆ ಕಳೆದುಕೊಳ್ಳುವುದೂ ಉಂಟು. ಮೊದಲನೆಯದು ನಾಲ್ಕು ಕಂಠಗಳ ಹೊಂದಾಣಿಕೆ. ಹೆಂಗಸರ ಮೇಲಿನ ಸ್ವರ, ಕೆಳಗಿನ ಸ್ವರ, ಗಂಡಸರ ಮೇಲಿನ ಸ್ವರ, ಮಂದ್ರ ಎಂದು ನಾಲ್ಕು ಎಳೆಗಳು ಒಂದೇ ಹಗ್ಗವಾಗಿ ಹೊಸೆಯುವ ಹಾಡುಗಾರಿಕೆಗೆ ವಾರದ ನಡುವೆ ಕುಳಿತು ಮಾಡಿದ ಅಭ್ಯಾಸ ಬೇಕು, ಪಕ್ಕದವನ ದನಿಗೆ ಕಿವಿಗೊಡುವ ವಿನಯ ಬೇಕು. ಧ್ವನಿವರ್ಧಕದ ಮುಂದೆ ನಾಲ್ವರು ಹಾಡಿದರೆ ನಾನೂರು ಮಂದಿ ಕೇಳುವವರಾಗಿ ಉಳಿಯುವ ಅಪಾಯವಿದೆ. ಲೂಥರನು ಪುರೋಹಿತರಿಂದ ಬಿಡಿಸಿಕೊಟ್ಟ ಹಾಡನ್ನು ಮತ್ತೆ ಕೆಲವರ ಕೈಗೆ ಒಪ್ಪಿಸಿದಂತಾಗಬಾರದಲ್ಲವೆ?

ಎರಡನೆಯದು ಭಾಷೆ. ಗೀತಪುಸ್ತಕವೆಂದರೆ ಹಾಡಿನ ಪಟ್ಟಿ ಮಾತ್ರವಲ್ಲ. ಎಷ್ಟೋ ಮನೆಗಳಲ್ಲಿ ಮಕ್ಕಳು ಕನ್ನಡ ಅಕ್ಷರ ಕೂಡಿಸಿ ಓದಿದ್ದು ಅದರಿಂದ. ಇಂಗ್ಲಿಷ್ ಶಾಲೆಯ ಮಗು ಕನ್ನಡ ಗೀತೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಓದಿ ಹಾಡುವಾಗ ಲಘು ಗುರುಗಳ ಹಳೆಯ ಸಂಕಟ ಬೇರೊಂದು ವೇಷದಲ್ಲಿ ತಿರುಗಿಬರುತ್ತದೆ. ಆ ಲಿಪಿಯಲ್ಲಿ ಬಲವೂ ಬಾಲವೂ ಒಂದೇ ಬರಹ!

2020ರ ಮಾರ್ಚಿನಲ್ಲಿ ಸಾಂಕ್ರಾಮಿಕದಿಂದ ದೇಶದ ಬಾಗಿಲುಗಳೆಲ್ಲ ಮುಚ್ಚಿದಾಗ ದೇವಾಲಯಗಳೂ ಮುಚ್ಚಿದವು. ಮನೆಯೊಳಗೆ ಅಂಗೈಯಗಲದ ಫೋನಿನ ಮುಂದೆ ಕುಳಿತು ಆರಾಧಿಸಿದ ಆ ತಿಂಗಳುಗಳಲ್ಲಿ ಎಲ್ಲ ಮತದವರಿಗೂ ಒಂದು ಸತ್ಯ ತಿಳಿಯಿತು. ರಾಗ ಯಾವುದೇ ಇರಲಿ, ಒಟ್ಟಾಗಿ ಹಾಡುವುದೇ ಭಾಗ್ಯ.

ಮೊದಲು ಕಂಡ ಅಜ್ಜಿ ಮೊಮ್ಮಗರನ್ನು ಮನೆಯ ಜಗಲಿಯಲ್ಲಿ ಒಮ್ಮೆ ಊಹಿಸಿಕೊಳ್ಳೋಣ. ಸಂಜೆಯ ಪ್ರಾರ್ಥನೆಯ ಹೊತ್ತು. “ನಿನ್ನ ಹಾಡಿಗೆ ಗದ್ದಲವೇ ಜಾಸ್ತಿ ಮಗಾ, ನಮ್ಮದು ನಮ್ಮ ಹಿರಿಯರ ರಾಗ” ಎನ್ನುತ್ತಾಳೆ ಅಜ್ಜಿ. “ಅದು ಜರ್ಮನಿಯವರ ಹಿರಿಯರದ್ದಲ್ಲವಾ ಅಜ್ಜೀ?” ಎಂದು ಅವನು ನಗುತ್ತಾನೆ. ಇಬ್ಬರ ಮಾತೂ ನಿಜ. ನಾಲ್ಕಾರು ತಲೆಮಾರು ಹೆಂಚಿನ ಧೂಳಿನಲ್ಲಿ, ತೊಟ್ಟಿಲ ಪಕ್ಕದಲ್ಲಿ, ಮಣ್ಣು ಕೊಡುವ ಹೊತ್ತಿನಲ್ಲಿ ಹಾಡಿ ಹಾಡಿ ಪರದೇಶದ ರಾಗವನ್ನು ತಮ್ಮದಾಗಿಸಿಕೊಂಡರು. ರಾಗವನ್ನು ಸ್ವಂತವಾಗಿಸುವುದು ಅದು ಹುಟ್ಟಿದ ಊರಲ್ಲ, ಅದನ್ನು ಹಾಡಿದವರ ಬಾಳು.

ಹುಡುಗನ ಹಾಡಿಗೂ ಆ ಪರೀಕ್ಷೆ ಕಾದಿದೆ. ಸುಖದಲ್ಲಿ ಚಪ್ಪಾಳೆಗೆ ಒದಗುವ ಹಾಡು ದುಃಖದಲ್ಲಿ ಬಾಯಿಗೆ ಬರುವುದೆ? ಐವತ್ತು ವರ್ಷಗಳ ಮೇಲೆ ಅವನ ಮೊಮ್ಮಗಳು ಅದನ್ನು ಹಳೆಯದೆಂದು ಗೇಲಿ ಮಾಡುವಳೆ? ಗೇಲಿ ಮಾಡಿದರೆ ಸಂತೋಷವೇ. ಹಾಡು ಅಷ್ಟು ದೂರ ಉಳಿದುಬಂದಿತೆಂದು ತಿಳಿಯಬೇಕು. ಸದ್ಯಕ್ಕೆ ಅಜ್ಜಿ ಪುಸ್ತಕ ಬಿಡಿಸಿ ಕನ್ನಡಕ ಹುಡುಕುತ್ತಾಳೆ. ಪುಟ ನೋಡುವ ಅಗತ್ಯ ಅವಳಿಗಿಲ್ಲ. ಮೊಮ್ಮಗ ಗಿಟಾರಿನ ತಂತಿಯನ್ನು ಅವಳ ಕಂಠದ ಶ್ರುತಿಗೆ ಇಳಿಸಿಕೊಳ್ಳುತ್ತಾನೆ.